ಅಮ್ಮ ಕಂಡದ್ದು, ಅಪ್ಪ ಒಪ್ಪದ್ದು

ಒಂಬತ್ತು ಗಂಟೆಯ ಕಾರ್ಯಕ್ರಮ ಮುಗಿಸಿ ಮೇಕಪ್ ಒರೆಸಿಕೊಳ್ತಾ ಕೂತಿದ್ದೆ. ಡೆಸ್ಕಿನ ಹುಡುಗ ಬಂದು, "ಸಾರ್, ಒಬ್ಬ ತಾಯಿ ಮೂರನೇ ಸಲ ಫೋನ್ ಮಾಡ್ತಿದ್ದಾರೆ. ನಿಮ್ಮ ಹತ್ರಾನೇ ಮಾತಾಡ್ಬೇಕಂತೆ" ಅಂದ. ಯಾವುದೋ ರಸ್ತೆ, ನೀರಿನ ಸಮಸ್ಯೆ ಇರಬಹುದು ಅಂದುಕೊಂಡು ಫೋನ್ ತಗೊಂಡೆ.

ಹಾಸನದ ಕಡೆಯ ಹೆಣ್ಣುಮಗಳು. ಎರಡು ವರ್ಷದ ಮಗ. ಹೆಸರು ಹಿಡಿದು ಕರೆದರೆ ತಿರುಗಿ ನೋಡಲ್ಲ. ಬೇಕಾದ್ದನ್ನು ಬೆರಳು ಮಾಡಿ ತೋರಿಸಲ್ಲ. ಆಟದ ಕಾರು ಕೊಟ್ಟರೆ ಓಡಿಸಲ್ಲ, ತಲೆಕೆಳಗು ಮಾಡಿಕೊಂಡು ಚಕ್ರ ತಿರುಗಿಸ್ತಾ ಗಂಟೆಗಟ್ಟಲೆ ಕೂರ್ತಾನೆ. "ನಮ್ಮ ಯಜಮಾನ್ರು ಒಪ್ಪಲ್ಲ ಸಾರ್. ಇಲ್ಲದ ಕಾಯಿಲೆ ಮಗೂಗೆ ಅಂಟಿಸ್ತೀಯಾ ಅಂತ ಬೈತಾರೆ. ಅವರು ದಿನಾ ನಿಮ್ಮ ಪ್ರೋಗ್ರಾಂ ನೋಡ್ತಾರೆ. ನೀವು ಟಿವೀಲಿ ಒಂದು ಮಾತು ಹೇಳಿದ್ರೆ ಕೇಳ್ತಾರೆ ಸಾರ್."

ನೋಡಿ ವೀಕ್ಷಕರೇ, ನಾನು ದಿನಾ ರಾತ್ರಿ ಮಂತ್ರಿಗಳನ್ನು ಪ್ರಶ್ನೆ ಕೇಳುವವನು. ಉತ್ತರ ಕೊಡಿ, ಜಾರಿಕೊಳ್ಳಬೇಡಿ ಅಂತ ಗದರುವವನು. ಆ ತಾಯಿಗೆ ಮಾತ್ರ ಆ ಕ್ಷಣಕ್ಕೆ ಉತ್ತರ ಕೊಡೋಕೆ ನನ್ನಿಂದ ಆಗಲಿಲ್ಲ. ನಾಳೆ ಮಾತಾಡ್ತೀನಮ್ಮ ಅಂತ ಹೇಳಿ ಫೋನ್ ಇಟ್ಟೆ. ಯಾಕೆ ಗೊತ್ತಾ? ಏಳು ವರ್ಷದ ಹಿಂದೆ ನಮ್ಮ ಮನೆಯಲ್ಲಿ ಆ ಒಪ್ಪದ ಯಜಮಾನ್ರು ನಾನೇ ಆಗಿದ್ದೆ.

ನನ್ನ ಮಗನಿಗೆ ಆಗ ಒಂದೂವರೆ ವರ್ಷ. ಮೊದಲು ಗಮನಿಸಿದ್ದು ನನ್ನ ಹೆಂಡತಿ. ಅವನಿಗೆ ನೀರು ಬೇಕಾದರೆ ಅವಳ ಮುಖ ನೋಡುತ್ತಿರಲಿಲ್ಲ. ಅವಳ ಕೈಯನ್ನು ಹಿಡಿದು, ಒಂದು ಸಾಮಾನು ಎಳೆದುಕೊಂಡು ಹೋದ ಹಾಗೆ, ಫಿಲ್ಟರ್ ಹತ್ತಿರ ಎಳೆದುಕೊಂಡು ಹೋಗುತ್ತಿದ್ದ. "ರೀ, ಇವನು ನನ್ನನ್ನ ಕರೀತಿಲ್ಲ. ನನ್ನ ಕೈಯನ್ನ ಮಾತ್ರ ಕರೀತಿದಾನೆ" ಅಂದಳು. ನಾನು ನಕ್ಕೆ.

ನನ್ನ ವಾದಗಳು ಕೇಳಿ. ಒಂದು, ನಾನೇ ಮೂರು ವರ್ಷದವರೆಗೆ ಮಾತಾಡಿರಲಿಲ್ಲ ಅಂತ ನಮ್ಮಮ್ಮ ಹೇಳ್ತಾರೆ, ಈಗ ನೋಡಿದರೆ ಮಾತಲ್ಲೇ ಹೊಟ್ಟೆ ಹೊರೀತಿದೀನಿ. ಎರಡು, ಗಂಡು ಮಕ್ಕಳಿಗೆ ಮಾತು ತಡ. ಮೂರು, ಮೊಬೈಲಲ್ಲಿ ಹುಡುಕಿ ಹುಡುಕಿ ನಿನ್ನ ತಲೆ ಕೆಟ್ಟಿದೆ. ತಿಪಟೂರಿನಿಂದ ಬಂದ ನಮ್ಮಮ್ಮ ಬಜೆ ತೇಯ್ದು ಮಗುವಿನ ನಾಲಿಗೆಗೆ ಹಚ್ಚಿದರು, ದೇವರಿಗೆ ಹರಕೆ ಹೊತ್ತರು. ಕೊನೆಗೆ ಒಬ್ಬ ಡಾಕ್ಟರಿಗೆ ತೋರಿಸಿದೆವು. ಅವರು ಎರಡು ನಿಮಿಷ ನೋಡಿ, "ಗಂಡು ಮಗು ಅಲ್ವಾ, ಮೂರು ವರ್ಷ ಆಗಲಿ ನೋಡೋಣ" ಅಂದುಬಿಟ್ಟರು. ಮನೆಗೆ ಬಂದು ನಾನು ಗೆದ್ದವನ ಹಾಗೆ ಕಾಫಿ ಕುಡಿದೆ.

ಹೀಗೆ ಹನ್ನೊಂದು ತಿಂಗಳು ಹೋಯಿತು. ಅದರ ಲೆಕ್ಕ ಆಮೇಲೆ ಹೇಳ್ತೀನಿ. ಅದಕ್ಕೂ ಮೊದಲು, ನಾನು ತಡವಾಗಿ ಓದಿಕೊಂಡ ಒಂದು ಇತಿಹಾಸ ಹೇಳಬೇಕು. ಅಪ್ಪ-ಅಮ್ಮ ಕಂಡದ್ದನ್ನು ಯಾರು ನಂಬಬೇಕು, ಎಷ್ಟು ನಂಬಬೇಕು ಅನ್ನುವ ಈ ಜಗಳಕ್ಕೆ ಎಂಬತ್ತು ವರ್ಷ ಮೀರಿದ ಚರಿತ್ರೆ ಇದೆ.

ಅಮೆರಿಕದ ಮಿಸಿಸಿಪಿ ರಾಜ್ಯದಲ್ಲಿ ಫಾರೆಸ್ಟ್ ಅಂತ ಒಂದು ಸಣ್ಣ ಊರು. 1933ರಲ್ಲಿ ಅಲ್ಲಿ ಒಂದು ಗಂಡು ಮಗು ಹುಟ್ಟಿತು. ಹೆಸರು ಡೊನಾಲ್ಡ್ ಟ್ರಿಪ್ಲೆಟ್. ತಂದೆ ಬೀಮನ್ ಟ್ರಿಪ್ಲೆಟ್ ವಕೀಲರು. ತಾಯಿ ಮೇರಿ ಕಾಲೇಜು ಓದಿದ ಹೆಣ್ಣುಮಗಳು, ತವರಿನವರು ಬ್ಯಾಂಕು ನಡೆಸುತ್ತಿದ್ದ ಕುಟುಂಬ. ಒಂದು ವರ್ಷಕ್ಕೇ ಈ ಮಗು ಹಾಡಿನ ರಾಗಗಳನ್ನು ತಪ್ಪಿಲ್ಲದೆ ಗುನುಗುತ್ತಿತ್ತು. ಇನ್ನೂ ಪುಟ್ಟ ವಯಸ್ಸಿನಲ್ಲೇ ಬೈಬಲ್ಲಿನ ಒಂದು ಕೀರ್ತನೆ, ಚರ್ಚಿನ ಧರ್ಮಪಾಠದ 25 ಪ್ರಶ್ನೋತ್ತರಗಳು ಬಾಯಿಪಾಠ. ನಮ್ಮ ಕಡೆ ಆಗಿದ್ದರೆ ಏನು ಮಾಡ್ತಿದ್ವಿ? ಬಂದವರ ಮುಂದೆ ನಿಲ್ಲಿಸಿ, "ಎಲ್ಲಿ ಪುಟ್ಟ, ಶ್ಲೋಕ ಹೇಳು" ಅಂತ ಚಪ್ಪಾಳೆ ತಟ್ಟಿಸ್ತಿದ್ವಿ.

ಆ ತಂದೆ-ತಾಯಿ ಮಾತ್ರ ಇನ್ನೊಂದು ವಿಷಯ ಗಮನಿಸಿದರು. ಮಗು ಬಾಯಿಪಾಠ ಒಪ್ಪಿಸುತ್ತದೆ, ಆದರೆ ತಾನಾಗಿ ಪ್ರಶ್ನೆ ಕೇಳುವುದಿಲ್ಲ. ಕೇಳಿದ ಪ್ರಶ್ನೆಗೆ ಉತ್ತರ ಕೊಡುವುದಿಲ್ಲ. ಒಬ್ಬನೇ ಇರುವಾಗಲೇ ಸುಖವಾಗಿರುತ್ತದೆ. ಪಾತ್ರೆ, ಮರದ ತುಂಡು, ತಿರುಗುವುದು ಏನೇ ಸಿಕ್ಕರೂ ತಿರುಗಿಸುತ್ತಾ ಕೂರುತ್ತದೆ.

ವೈದ್ಯರ ಸಲಹೆಯಂತೆ 1937ರಲ್ಲಿ ಮಗುವನ್ನು ಊರಾಚೆಯ ಒಂದು ಸಂಸ್ಥೆಗೆ ಸೇರಿಸಿದರು. ಆಗಿನ ಕಾಲದ ಪದ್ಧತಿ ಅದು. ಮರುವರ್ಷ, ಅಲ್ಲಿನ ಮುಖ್ಯಸ್ಥರು ಬೇಡ ಅಂದರೂ ಕೇಳದೆ, ಮಗನನ್ನು ಮನೆಗೆ ಕರೆತಂದರು. 1938ರ ಅಕ್ಟೋಬರಿನಲ್ಲಿ ಬಾಲ್ಟಿಮೋರ್‌ನ ಜಾನ್ಸ್ ಹಾಪ್ಕಿನ್ಸ್ ಆಸ್ಪತ್ರೆಗೆ, ಲಿಯೋ ಕ್ಯಾನರ್ ಎಂಬ ಮಕ್ಕಳ ಮನೋವೈದ್ಯರ ಹತ್ತಿರ ಕರೆದುಕೊಂಡು ಹೋದರು. ಹೋಗುವ ಮೊದಲೇ ತಂದೆ ಒಂದು ಪತ್ರ ಕಳಿಸಿದ್ದರು. ಎಷ್ಟು ಪುಟ ಅಂತೀರಿ? ಟೈಪ್ ಮಾಡಿದ 33 ಪುಟ! ಮಗ ಏನು ತಿನ್ನುತ್ತಾನೆ, ಹೇಗೆ ಆಡುತ್ತಾನೆ, ಯಾವುದಕ್ಕೆ ಸಿಟ್ಟಾಗುತ್ತಾನೆ, ಎಲ್ಲ ಅದರಲ್ಲಿತ್ತು. ಒಬ್ಬ ವಕೀಲ ತನ್ನ ಮಗನ ಪರವಾಗಿ ಸಾಕ್ಷ್ಯ ಬರೆದ ಹಾಗೆ.

ಕ್ಯಾನರ್ ಆಗಲೇ ಮಕ್ಕಳ ಮನೋವೈದ್ಯಶಾಸ್ತ್ರದ ಪಠ್ಯಪುಸ್ತಕವನ್ನೇ ಬರೆದಿದ್ದವರು. ಅವರ ಪುಸ್ತಕದಲ್ಲೂ ಈ ಮಗು ಇರಲಿಲ್ಲ. ಐದು ವರ್ಷಗಳಲ್ಲಿ ಇಂಥದ್ದೇ ಇನ್ನೂ ಹತ್ತು ಮಕ್ಕಳು ಅವರ ಹತ್ತಿರ ಬಂದರು. 1943ರಲ್ಲಿ ಅವರು ಪ್ರಕಟಿಸಿದ ಪ್ರಬಂಧದಲ್ಲಿ 11 ಮಕ್ಕಳ ವಿವರ ಇದೆ. ಮೊದಲನೆಯದು ಡೊನಾಲ್ಡ್‌ನದು. ನಾವು ಇವತ್ತು ಆಟಿಸಂ ಅಂತ, ಸರ್ಕಾರಿ ಕನ್ನಡದಲ್ಲಿ ಸ್ವಲೀನತೆ ಅಂತ ಕರೆಯುವುದರ ಆಧುನಿಕ ಚರಿತ್ರೆಯಲ್ಲಿ ಈ ಪ್ರಬಂಧಕ್ಕೆ ದೊಡ್ಡ ಸ್ಥಾನ. ಅದರ ಬುಡದಲ್ಲಿ ಏನಿತ್ತು? ಒಬ್ಬ ಅಪ್ಪ ಮನೆಯಲ್ಲಿ ಕೂತು ಬರೆದ 33 ಪುಟ. ಇದನ್ನು ಓದಿದಾಗ ನನಗೆ ನಾಚಿಕೆಯಾಯಿತು. ಅದೇ ವಯಸ್ಸಿನ ನನ್ನ ಮಗನ ಬಗ್ಗೆ ಬರೆ ಅಂದಿದ್ದರೆ ನನ್ನಿಂದ ಮೂರು ಸಾಲು ಬರುತ್ತಿರಲಿಲ್ಲ.

ಇನ್ನೊಂದು ಅಂಕಿ ಗಮನಿಸಿ. ಆ 11 ಮಕ್ಕಳಲ್ಲಿ 8 ಗಂಡು, 3 ಹೆಣ್ಣು. ಅಲ್ಲಿಂದ ಇಲ್ಲಿಯವರೆಗೆ ಆಟಿಸಂ ಗುರುತಿಸಿದ ಮಕ್ಕಳಲ್ಲಿ ಗಂಡು ಮಕ್ಕಳೇ ಹೆಚ್ಚು. ಅಂದರೆ, ಗಂಡು ಮಕ್ಕಳು ಮಾತಾಡೋದು ತಡ ಬಿಡಿ ಅಂತ ನಾವು ಸಮಾಧಾನ ಹೇಳುವುದು ಯಾರಿಗೆ? ಹೆಚ್ಚು ಎಚ್ಚರದಿಂದ ನೋಡಬೇಕಾದ ಮಕ್ಕಳಿಗೇ! ಹೆಣ್ಣು ಮಕ್ಕಳ ಕಥೆ ಇನ್ನೂ ಬೇರೆ. ಅವಳು ಸೂಕ್ಷ್ಮ, ನಾಚಿಕೆ ಸ್ವಭಾವ ಅಂದುಕೊಂಡು ಎಷ್ಟೋ ಮನೆಗಳಲ್ಲಿ ಗುರುತಿಸುವುದೇ ಇಲ್ಲ.

ಇಲ್ಲಿಂದ ಈ ಇತಿಹಾಸ ಕೆಟ್ಟ ದಾರಿ ಹಿಡಿಯಿತು. ಮಕ್ಕಳು ಹುಟ್ಟುವಾಗಲೇ ಹೀಗಿದ್ದರು ಅಂತ ಕ್ಯಾನರ್ 1943ರಲ್ಲಿ ಬರೆದರು ನಿಜ. ಅದೇ ಪ್ರಬಂಧದಲ್ಲಿ, ಈ ತಂದೆ-ತಾಯಿಗಳಲ್ಲಿ ಬೆಚ್ಚನೆಯ ಮನಸ್ಸಿನವರು ಕಡಿಮೆ ಅಂತಲೂ ಬರೆದರು. 1949ರ ಹೊತ್ತಿಗೆ, ಈ ಮಕ್ಕಳು ಫ್ರಿಜ್ಜಿನಲ್ಲಿಟ್ಟ ಹಾಗೆ ಬೆಳೆದವರು ಅನ್ನುವ ಅರ್ಥದ ಮಾತನ್ನೂ ಸೇರಿಸಿದರು. ಅಷ್ಟು ಸಾಕಾಯಿತು. ರೆಫ್ರಿಜರೇಟರ್ ತಾಯಿ ಅನ್ನುವ ಪದ ಹುಟ್ಟಿಕೊಂಡಿತು. ತಾಯಿ ತಣ್ಣಗಿದ್ದಳು, ಅದಕ್ಕೇ ಮಗು ಹೆಪ್ಪುಗಟ್ಟಿತು ಅನ್ನುವ ವಾದ.

ಈ ವಾದವನ್ನು ಮನೆಮನೆಗೆ ಮುಟ್ಟಿಸಿದವರು ಷಿಕಾಗೋದ ಬ್ರೂನೋ ಬೆಟಲ್‌ಹೈಮ್. ಮಕ್ಕಳ ವಸತಿಶಾಲೆಯೊಂದರ ಮುಖ್ಯಸ್ಥರು. ನಾಜಿಗಳ ಸೆರೆಶಿಬಿರದಲ್ಲಿ ಇದ್ದು ಬಂದವರು. ಆ ಶಿಬಿರದ ಕೈದಿಗಳಿಗೂ ಈ ಮಕ್ಕಳಿಗೂ ಹೋಲಿಕೆ ಮಾಡಿದರು. ಹಾಗಾದರೆ ಶಿಬಿರದ ಕಾವಲುಗಾರರು ಯಾರು? ತಂದೆ-ತಾಯಿ ಅಂತ ಆಯಿತಲ್ಲ! 1967ರಲ್ಲಿ ಅವರ ಪುಸ್ತಕ ಬಂತು, ಜನ ಮುಗಿಬಿದ್ದು ಓದಿದರು. ಟಿವಿಗೂ ಬಂದರು. ಅವರ ಡಾಕ್ಟರೇಟ್ ವೈದ್ಯಕೀಯದಲ್ಲಿ ಅಲ್ಲ, ಸೌಂದರ್ಯಶಾಸ್ತ್ರದ ವಿಷಯದಲ್ಲಿ. ನಮ್ಮ ಕ್ಯಾಮೆರಾದ ಮುಂದೆ ಚೆನ್ನಾಗಿ ಮಾತಾಡುವವರನ್ನೆಲ್ಲ ನಾವು ತಜ್ಞರು ಅಂತ ಕೂರಿಸ್ತೀವಿ. ಈ ಕಾಯಿಲೆ ನಮ್ಮ ವೃತ್ತಿಗೆ ಹೊಸದೇನಲ್ಲ.

ಈ ವಾದ ಯಾವ ಮನೆಗೆ ಬೆಂಕಿ ಹಚ್ಚುತ್ತೆ, ಯೋಚನೆ ಮಾಡಿ. ಮಗುವಿನಲ್ಲಿ ವ್ಯತ್ಯಾಸ ಇದೆ ಅಂತ ಒಪ್ಪಿಕೊಂಡರೆ ತಪ್ಪು ತಾಯಿಯದು ಅಂತಾಗುತ್ತೆ. ಹಾಗಿದ್ದಾಗ ಯಾರು ಒಪ್ಪುತ್ತಾರೆ? ಕಂಡದ್ದನ್ನು ಬಾಯಿಬಿಟ್ಟು ಹೇಳೋಕೇ ತಾಯಿ ಹೆದರುತ್ತಾಳೆ. ಒಪ್ಪಿದರೆ ಹೆಂಡತಿಯನ್ನು ಕಟಕಟೆಗೆ ತಂದ ಹಾಗೆ ಅಂತ ತಂದೆ ಕಣ್ಣು ಮುಚ್ಚುತ್ತಾನೆ. ಇಲ್ಲಾ, ಅವಳ ಮೇಲೇ ಬೆರಳು ತೋರಿಸುತ್ತಾನೆ. ನಮ್ಮಲ್ಲಿ ಫ್ರಿಜ್ಜಿನ ಮಾತು ಯಾರಿಗೂ ಗೊತ್ತಿಲ್ಲದಿರಬಹುದು. ಆದರೆ "ಇವಳು ಕೆಲಸಕ್ಕೆ ಹೋಗ್ತಾಳೆ, ಅದಕ್ಕೇ ಮಗು ಹೀಗೆ" ಅನ್ನುವ ಮಾತು ಯಾವ ಬೀದಿಯಲ್ಲಿ ಕೇಳಿಲ್ಲ ಹೇಳಿ? ನಮ್ಮ ಮನೆಯಲ್ಲೂ ಒಬ್ಬರು ಅಂದರು. ನನ್ನ ಹೆಂಡತಿ ಅದನ್ನು ನಂಬಿಕೊಂಡು ಎಷ್ಟು ರಾತ್ರಿ ಅತ್ತಿದ್ದಳೋ ನನಗೆ ಗೊತ್ತಾದದ್ದು ಆಮೇಲೆ.

ಈ ಸುಳ್ಳನ್ನು ಒಡೆದವರು ಯಾರು? ಮತ್ತೆ ಅಪ್ಪ-ಅಮ್ಮಂದಿರೇ. ಕ್ಯಾಲಿಫೋರ್ನಿಯಾದಲ್ಲಿ ಬರ್ನಾರ್ಡ್ ರಿಮ್ಲಂಡ್ ಅಂತ ಒಬ್ಬರಿದ್ದರು. ಅಮೆರಿಕದ ನೌಕಾಪಡೆಯಲ್ಲಿ ಮನಶ್ಶಾಸ್ತ್ರಜ್ಞರು. 1956ರಲ್ಲಿ ಹುಟ್ಟಿದ ಅವರ ಮಗ ಮಾರ್ಕ್ ಸದಾ ಕಿರುಚುತ್ತಿದ್ದ, ಯಾರನ್ನೂ ಹತ್ತಿರ ಸೇರಿಸುತ್ತಿರಲಿಲ್ಲ. ಮನಶ್ಶಾಸ್ತ್ರದಲ್ಲಿ ಡಾಕ್ಟರೇಟ್ ಪಡೆದ ಈ ಮನುಷ್ಯನಿಗೆ ಆಟಿಸಂ ಅನ್ನುವ ಪದವೇ ಗೊತ್ತಿರಲಿಲ್ಲ! ನೆನಪಾದದ್ದು ಹೆಂಡತಿ ಗ್ಲೋರಿಯಾಗೆ. ಕಾಲೇಜಿನಲ್ಲಿ ಓದುವಾಗ ಇಂಥ ಮಗುವಿನ ಬಗ್ಗೆ ಎಲ್ಲೋ ಓದಿದ್ದೆ ಅಂತ ಆಕೆ ಹೇಳಿದರು. ಗ್ಯಾರೇಜಿನಲ್ಲಿದ್ದ ಆಕೆಯ ಹಳೆಯ ಪಠ್ಯಪುಸ್ತಕಗಳ ಪೆಟ್ಟಿಗೆ ತೆಗೆದು ಹುಡುಕಿದರೆ, ಅಲ್ಲಿ ಇವರ ಮಗನೇ ಇದ್ದ.

ಇಲ್ಲಿ ಒಂದು ನಿಮಿಷ ನಿಲ್ಲಿ. ಹೆಂಡತಿ ಹೇಳಿದ್ದನ್ನು ಆ ಗಂಡ, "ನಾನು ಡಾಕ್ಟರೇಟ್ ಮಾಡಿದವನು, ನನಗೆ ಗೊತ್ತಿಲ್ಲದ್ದು ನಿನಗೆ ಗೊತ್ತಾ" ಅನ್ನಲಿಲ್ಲ. ಪೆಟ್ಟಿಗೆ ತೆಗೆದು ನೋಡಿದ. ಅಲ್ಲಿಂದ ಸಿಕ್ಕಿದ್ದನ್ನೆಲ್ಲ ಓದುತ್ತಾ ಹೋದ. 1964ರಲ್ಲಿ ಪುಸ್ತಕ ಬರೆದು, ಇದು ಮೆದುಳಿನ ಬೆಳವಣಿಗೆಗೆ ಸಂಬಂಧಪಟ್ಟದ್ದು, ತಾಯಿಯ ಪ್ರೀತಿ ಕಡಿಮೆಯಾಗಿ ಬಂದದ್ದಲ್ಲ ಅಂತ ವಾದಿಸಿದ. ಅದಕ್ಕೆ ಮುನ್ನುಡಿ ಬರೆದವರು ಸ್ವತಃ ಕ್ಯಾನರ್. 1965ರಲ್ಲಿ ಅಮೆರಿಕದ ತಂದೆ-ತಾಯಿಗಳ ಸಂಘ ಶುರುವಾಯಿತು. 1969ರಲ್ಲಿ ಅದರ ಸಭೆಗೆ ಬಂದ ಕ್ಯಾನರ್, ನೆರೆದಿದ್ದ ಪೋಷಕರ ಎದುರು ನಿಂತು, ನಿಮ್ಮನ್ನು ದೋಷಮುಕ್ತರನ್ನಾಗಿ ಮಾಡುತ್ತೇನೆ ಅಂತ ಹೇಳಿದರು. ಸಾಕ್ಷಿಗಳನ್ನು ಆರೋಪಿಗಳನ್ನಾಗಿ ಮಾಡಿ ಇಪ್ಪತ್ತು ವರ್ಷ ಆಗಿತ್ತು! 1977ರಲ್ಲಿ ಬ್ರಿಟನ್ನಿನಲ್ಲಿ ಫೋಲ್‌ಸ್ಟೀನ್ ಮತ್ತು ರಟರ್ ಎಂಬ ಸಂಶೋಧಕರು 21 ಜೋಡಿ ಅವಳಿಗಳನ್ನು ಅಧ್ಯಯನ ಮಾಡಿ, ಇದರಲ್ಲಿ ಅನುವಂಶೀಯತೆಯ ದೊಡ್ಡ ಪಾತ್ರ ಇದೆ ಅಂತ ತೋರಿಸಿದ ಮೇಲೆ ಫ್ರಿಜ್ಜಿನ ವಾದಕ್ಕೆ ವಿಜ್ಞಾನದಲ್ಲಿ ನಿಲ್ಲೋಕೆ ಜಾಗ ಉಳಿಯಲಿಲ್ಲ.

ಲಂಡನ್ನಿನಲ್ಲಿ ಇದೇ ಕಾಲಕ್ಕೆ ಇನ್ನೊಬ್ಬ ತಾಯಿ. ಲೋರ್ನಾ ವಿಂಗ್. ಆಕೆಯೂ ಮನೋವೈದ್ಯೆ, ಗಂಡನೂ ಮನೋವೈದ್ಯ. ಮಗಳು ಸೂಸಿ 1956ರಲ್ಲಿ ಹುಟ್ಟಿದಳು. ಒಂದು ದಿನ ರೈಲಿನಲ್ಲಿ ಮಗಳನ್ನು ತೊಡೆಯ ಮೇಲೆ ಕೂರಿಸಿಕೊಂಡು ಹೋಗುತ್ತಿದ್ದರು. ಎದುರಿನಲ್ಲಿ ಇನ್ನೊಬ್ಬ ತಾಯಿ, ಹೆಚ್ಚುಕಡಿಮೆ ಅಷ್ಟೇ ವಯಸ್ಸಿನ ಮಗು. ಆ ಮಗು ಕಿಟಕಿಯಾಚೆ ಬೆರಳು ತೋರಿಸುತ್ತಿತ್ತು, ತಿರುಗಿ ಅಮ್ಮನ ಮುಖ ನೋಡುತ್ತಿತ್ತು. ನೋಡಿದೆಯಾ ಅಮ್ಮ, ನಾನು ಕಂಡದ್ದನ್ನು ನೀನೂ ಕಂಡೆಯಾ ಅನ್ನುವ ಹಾಗೆ. ಸೂಸಿ ಒಂದು ದಿನವೂ ಹಾಗೆ ಮಾಡಿರಲಿಲ್ಲ ಅಂತ ಆಕೆಗೆ ಆಗ ಹೊಳೆಯಿತು. ಮನೋವೈದ್ಯಶಾಸ್ತ್ರದ ಪದವಿ ಹೇಳದೇ ಇದ್ದದ್ದನ್ನು ರೈಲಿನ ಒಂದು ಸೀಟು ಹೇಳಿತು. 1962ರಲ್ಲಿ ಲೋರ್ನಾ ಮತ್ತು ಇತರ ಪೋಷಕರು ಸೇರಿ ಕಟ್ಟಿದ ಸಂಘವೇ ಇವತ್ತಿನ ಬ್ರಿಟನ್ನಿನ ನ್ಯಾಷನಲ್ ಆಟಿಸ್ಟಿಕ್ ಸೊಸೈಟಿ.

ಹಾಗಾದರೆ ಅಪ್ಪ-ಅಮ್ಮ ಹೇಳಿದ್ದೆಲ್ಲ ಸತ್ಯವಾ? ಇಲ್ಲ. ಇಲ್ಲೂ ನಾವು ಹುಷಾರಾಗಿರಬೇಕು. 1998ರಲ್ಲಿ ಲಂಡನ್ನಿನ ಆಂಡ್ರೂ ವೇಕ್‌ಫೀಲ್ಡ್ ಎಂಬ ವೈದ್ಯ ಮತ್ತು ಸಂಗಡಿಗರು 12 ಮಕ್ಕಳ ಬಗ್ಗೆ ಲ್ಯಾನ್ಸೆಟ್ ಪತ್ರಿಕೆಯಲ್ಲಿ ಬರೆದರು. ದಡಾರ, ಮಂಗನಬಾವು, ರುಬೆಲ್ಲಾ ಲಸಿಕೆ ಹಾಕಿಸಿದ ಮೇಲೆ ಮಗು ಬದಲಾಯಿತು ಅಂತ ಪೋಷಕರು ಹೇಳಿದ್ದನ್ನೇ ದೊಡ್ಡದು ಮಾಡಿದರು. ಟಿವಿಗಳು, ಪತ್ರಿಕೆಗಳು ಅದನ್ನು ಹೊತ್ತು ಮೆರೆಸಿದವು. 2002ರಲ್ಲಿ ಡೆನ್ಮಾರ್ಕಿನ 5,37,303 ಮಕ್ಕಳ ದಾಖಲೆ ನೋಡಿದರೆ, ಆ ಲಸಿಕೆ ಹಾಕಿಸಿದವರಿಗೂ ಹಾಕಿಸದವರಿಗೂ ಆಟಿಸಂ ವಿಷಯದಲ್ಲಿ ವ್ಯತ್ಯಾಸ ಇರಲಿಲ್ಲ. 2010ರಲ್ಲಿ ಲ್ಯಾನ್ಸೆಟ್ ಆ ಪ್ರಬಂಧವನ್ನು ವಾಪಸ್ ತೆಗೆದುಕೊಂಡಿತು. ಅದೇ ವರ್ಷ ವೇಕ್‌ಫೀಲ್ಡ್ ಹೆಸರನ್ನು ವೈದ್ಯರ ಪಟ್ಟಿಯಿಂದ ಹೊಡೆದುಹಾಕಿದರು. ಬೇಸರದ ಸಂಗತಿ ಅಂದರೆ, ತಾಯಂದಿರನ್ನು ಕಾಪಾಡಿದ ಅದೇ ರಿಮ್ಲಂಡ್ ಕೊನೆಗಾಲದಲ್ಲಿ ಲಸಿಕೆಯ ಮೇಲೆ ಅನುಮಾನ ಪಡುವವರ ಸಾಲಿಗೆ ಸೇರಿದ್ದರು.

ಇದರಿಂದ ನಾನು ಕಲಿತದ್ದು ಇಷ್ಟು. ಅಪ್ಪ-ಅಮ್ಮ ಒಳ್ಳೆಯ ಸಾಕ್ಷಿಗಳು. ಮಗು ಏನು ಮಾಡುತ್ತಿದೆ, ಏನು ಮಾಡುತ್ತಿಲ್ಲ ಅನ್ನುವುದನ್ನು ಅವರಷ್ಟು ಕಂಡವರಿಲ್ಲ. ಆದರೆ ಅದು ಯಾಕೆ ಆಯಿತು ಅಂತ ತೀರ್ಪು ಕೊಡೋಕೆ ಹೊರಟರೆ ಅವರೂ ಎಡವುತ್ತಾರೆ. ಸಾಕ್ಷಿ ಬೇರೆ, ನ್ಯಾಯಾಧೀಶ ಬೇರೆ.

ಸರಿ, ಇಬ್ಬರು ಸಾಕ್ಷಿಗಳು ಬೇರೆ ಬೇರೆ ಹೇಳಿದರೆ? ಅಮ್ಮ ಇದೆ ಅಂತಾಳೆ, ಅಪ್ಪ ಇಲ್ಲ ಅಂತಾನೆ. ಆಗ ಏನು ಮಾಡಬೇಕು? ನಮ್ಮ ವೃತ್ತಿಯಲ್ಲಿ ಅದಕ್ಕೆ ಒಂದೇ ಉತ್ತರ. ಫುಟೇಜ್ ತೆಗಿ.

1994ರಲ್ಲಿ ಅಮೆರಿಕದ ವಾಷಿಂಗ್ಟನ್ ವಿಶ್ವವಿದ್ಯಾಲಯದ ಜೂಲಿ ಆಸ್ಟರ್ಲಿಂಗ್ ಮತ್ತು ಜೆರಾಲ್ಡಿನ್ ಡಾಸನ್ ಮಾಡಿದ್ದು ಇದನ್ನೇ. ಮುಂದೆ ಆಟಿಸಂ ಅಂತ ಗುರುತಾದ 11 ಮಕ್ಕಳು, ಆಗದ 11 ಮಕ್ಕಳು. ಈ 22 ಮಕ್ಕಳ ಮೊದಲನೇ ವರ್ಷದ ಹುಟ್ಟುಹಬ್ಬದ ವಿಡಿಯೋಗಳನ್ನು ಮನೆಗಳಿಂದ ತರಿಸಿಕೊಂಡರು. ಮಗು ಬೇರೆಯವರ ಮುಖ ನೋಡುತ್ತಾ? ಹೆಸರು ಕರೆದರೆ ತಿರುಗುತ್ತಾ? ಬೆರಳು ಮಾಡಿ ತೋರಿಸುತ್ತಾ? ವಸ್ತುವನ್ನು ಎತ್ತಿ ಇನ್ನೊಬ್ಬರಿಗೆ ತೋರಿಸುತ್ತಾ? ಇಷ್ಟನ್ನೇ ಎಣಿಸಿದರು. ಆಟಿಸಂ ಇದ್ದ 11ರಲ್ಲಿ 10 ಮಕ್ಕಳನ್ನು, ಇಲ್ಲದ 11ರಲ್ಲಿ 10 ಮಕ್ಕಳನ್ನು ಅಷ್ಟರಿಂದಲೇ ಸರಿಯಾಗಿ ಬೇರೆ ಮಾಡೋಕೆ ಆಯಿತು. ಎಲ್ಲಕ್ಕಿಂತ ಹೆಚ್ಚು ಹೇಳಿದ್ದು ಯಾವುದು? ಮಗು ಎದುರಿಗಿದ್ದವರ ಮುಖ ನೋಡುತ್ತಿತ್ತೋ ಇಲ್ಲವೋ ಅನ್ನುವುದು.

ಅಪ್ಪನ ಪರವಾಗಿಯೂ ಒಂದು ಅಧ್ಯಯನ ಹೇಳಬೇಕು, ಇಲ್ಲದಿದ್ದರೆ ಅನ್ಯಾಯ. "ಇವನು ಮುಂಚೆ ಚೆನ್ನಾಗಿದ್ದ, ಎರಡು ಮೂರು ಮಾತು ಆಡ್ತಿದ್ದ" ಅಂತ ಎಷ್ಟೋ ಪೋಷಕರು ಹೇಳುತ್ತಿದ್ದರು. ನಿಮ್ಮ ಭ್ರಮೆ ಅಂತ ಅವರನ್ನು ತಳ್ಳಿಹಾಕಿದವರಿದ್ದರು. 2005ರಲ್ಲಿ ಎಮಿಲಿ ವರ್ನರ್ ಮತ್ತು ಅದೇ ಡಾಸನ್ ಒಂದನೇ ಮತ್ತು ಎರಡನೇ ಹುಟ್ಟುಹಬ್ಬದ ವಿಡಿಯೋಗಳನ್ನು ಹೋಲಿಸಿದರು. ಪೋಷಕರು ಹೇಳಿದ್ದು ಸರಿಯಾಗಿತ್ತು. ಕೆಲವು ಮಕ್ಕಳು ಒಂದನೇ ವರ್ಷಕ್ಕೆ ಬೇರೆ ಮಕ್ಕಳಂತೆಯೇ ಇದ್ದು, ಆಮೇಲೆ ಕಲಿತದ್ದನ್ನು ಕಳೆದುಕೊಂಡಿದ್ದರು. ಅಂದರೆ ಒಂದೇ ಮನೆಯಲ್ಲಿ, ಚೆನ್ನಾಗಿದ್ದ ಅನ್ನುವ ಅಪ್ಪ, ಈಗ ಇಲ್ಲ ಅನ್ನುವ ಅಮ್ಮ, ಇಬ್ಬರೂ ಸರಿ ಇರಬಹುದು. ಒಬ್ಬರು ಹೋದ ವರ್ಷದ ಮಗುವನ್ನು ನೋಡುತ್ತಿರುತ್ತಾರೆ, ಇನ್ನೊಬ್ಬರು ಈ ವರ್ಷದ್ದನ್ನು.

ಈಗ ನಮ್ಮ ಮನೆಗೆ ಬರ್ತೀನಿ. ಹನ್ನೊಂದನೇ ತಿಂಗಳಲ್ಲಿ ನನ್ನ ಹೆಂಡತಿ ವಾದ ಮಾಡೋದನ್ನೇ ಬಿಟ್ಟಳು. ಒಂದು ರಾತ್ರಿ ಊಟಕ್ಕೆ ಬಡಿಸ್ತಾ ತಣ್ಣಗೆ ಹೇಳಿದಳು. "ರೀ, ನೀವೇ ಸರಿ ಅಂತ ಇಟ್ಕೊಳ್ಳಿ. ಅದನ್ನ ಒಬ್ಬರು ತಿಳಿದವರ ಹತ್ರ ಪ್ರೂವ್ ಮಾಡ್ಕೊಂಡು ಬನ್ನಿ. ನಾನು ಇನ್ನು ಬಾಯಿ ಬಿಡಲ್ಲ." ಇದಕ್ಕೆ ನನ್ನ ಹತ್ತಿರ ಉತ್ತರ ಇರಲಿಲ್ಲ. ಹೋದೆವು. ಮೊದಲು ಕಿವಿ ಪರೀಕ್ಷೆ, ಅದು ಸರಿ ಇತ್ತು. ಅಲ್ಲಿದ್ದ ಥೆರಪಿಸ್ಟ್ ಹೆಣ್ಣುಮಗಳು, "ಮಗೂದು ಹಳೇ ವಿಡಿಯೋ ಇದ್ರೆ ತಗೊಂಡ್ ಬನ್ನಿ ಸಾರ್" ಅಂದರು.

ಮೊದಲ ಹುಟ್ಟುಹಬ್ಬಕ್ಕೆ ನಮ್ಮ ಚಾನೆಲ್ಲಿನ ಕ್ಯಾಮೆರಾಮನ್ನೇ ಬಂದು ಶೂಟ್ ಮಾಡಿದ್ದ. ಎಡಿಟಿಂಗ್ ರೂಮಿನಲ್ಲಿ ಒಬ್ಬನೇ ಕೂತು ಹಾಕಿದೆ. ಆ ವಿಡಿಯೋ ನಾನು ಎಷ್ಟೋ ಸಲ ನೋಡಿದ್ದೆ. ಪ್ರತಿ ಸಲವೂ ನೋಡಿದ್ದು ಕೇಕು, ಬಲೂನು, ಬಂದ ಗಣ್ಯರು. ಅವತ್ತು ಮೊದಲ ಸಲ ಮಗನ ಕಣ್ಣು ನೋಡಿದೆ. ಸುತ್ತ ಇಪ್ಪತ್ತು ಜನ ಚಪ್ಪಾಳೆ ಹೊಡೀತಿದ್ದಾರೆ. ಅವನು ಮೇಲಿನ ಫ್ಯಾನ್ ನೋಡ್ತಿದ್ದಾನೆ. ಅವನ ಅಮ್ಮ ಹೆಸರು ಹಿಡಿದು ಕರೀತಾಳೆ. ಒಂದು ಸಲ, ಎರಡು ಸಲ, ಮೂರು ಸಲ. ತಿರುಗಲ್ಲ. ನಾಲ್ಕನೇ ಸಲ ಕರೆಯುವಷ್ಟರಲ್ಲಿ ಇನ್ನೊಂದು ದನಿ ಅಡ್ಡ ಬರುತ್ತೆ. "ಸಾಕು ಬಾ, ಕೇಕ್ ಕಟ್ ಮಾಡಿಸು, ಟೈಮ್ ಆಯ್ತು." ಅದು ನನ್ನ ದನಿ.

ಎಲ್ಲ ಕ್ಯಾಮೆರಾದಲ್ಲಿತ್ತು ವೀಕ್ಷಕರೇ. ನನ್ನ ಕೈಯಲ್ಲೇ ಇತ್ತು.

ಒಂದು ವಿಡಿಯೋ ನೋಡಿ ಆಟಿಸಂ ಅಂತ ತೀರ್ಮಾನಿಸೋಕೆ ಆಗಲ್ಲ. ಇದನ್ನು ದಯವಿಟ್ಟು ನೆನಪಿಡಿ. ಕಿವಿ ಕೇಳದಿದ್ದರೂ ಮಗು ತಿರುಗಲ್ಲ. ಬರೀ ಮಾತು ತಡವಾದ ಮಕ್ಕಳೂ ಇದ್ದಾರೆ. ಒಂದೂವರೆ ವರ್ಷದ ಹೊತ್ತಿಗೆ ಮಗು ಬೆರಳು ಮಾಡಿ ತೋರಿಸದಿದ್ದರೆ, ಹೆಸರಿಗೆ ತಿರುಗದಿದ್ದರೆ, ಆಡುತ್ತಿದ್ದ ಮಾತು ನಿಂತುಹೋದರೆ, ಯಾವ ವಯಸ್ಸಿನಲ್ಲೇ ಆಗಲಿ, ತೋರಿಸಬೇಕು ಅಷ್ಟೇ. 16ರಿಂದ 30 ತಿಂಗಳ ಮಕ್ಕಳಿಗೆ ಎಂ-ಚಾಟ್ ಅನ್ನುವ ಪ್ರಶ್ನಾವಳಿ ಇದೆ. ಈಗಿನ ರೂಪದಲ್ಲಿ 20 ಪ್ರಶ್ನೆ, ಪೋಷಕರು ಹೌದು, ಇಲ್ಲ ಅಂತ ಹೇಳಿದರೆ ಸಾಕು. ಅದರಲ್ಲಿ ಅನುಮಾನ ಬಂದರೆ ಮುಂದಿನ ಪರೀಕ್ಷೆ. ಮೈಸೂರಿನಲ್ಲಿ 1965ರಲ್ಲಿ ಶುರುವಾದ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆ ಇದೆ. ಬೆಂಗಳೂರಿನಲ್ಲಿ ನಿಮ್ಹಾನ್ಸ್ ಇದೆ. 2013ರಿಂದ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದಲ್ಲಿ ಬೆಳವಣಿಗೆ ತಡವಾದ ಮಕ್ಕಳನ್ನು ಗುರುತಿಸಿ ಜಿಲ್ಲಾ ಮಟ್ಟದ ಕೇಂದ್ರಗಳಿಗೆ ಕಳಿಸುವ ವ್ಯವಸ್ಥೆಯೂ ಇದೆ.

ನಮ್ಮ ದೇಶದಲ್ಲೂ ಈ ದಾರಿ ಮಾಡಿದವರಲ್ಲಿ ಪೋಷಕರು ಮುಂದೆ. ದೆಹಲಿಯಲ್ಲಿ ಮೇರಿ ಬರುವಾ ಎಂಬ ತಾಯಿ 1991ರಲ್ಲಿ ಆಕ್ಷನ್ ಫಾರ್ ಆಟಿಸಂ ಸಂಸ್ಥೆ ಕಟ್ಟಿದರು. 1995ರ ಅಂಗವಿಕಲರ ಕಾಯ್ದೆಯಲ್ಲಿ 7 ವೈಕಲ್ಯಗಳಿದ್ದವು, ಆಟಿಸಂ ಇರಲಿಲ್ಲ. 1999ರ ನ್ಯಾಷನಲ್ ಟ್ರಸ್ಟ್ ಕಾಯ್ದೆಯಲ್ಲಿ ಹೆಸರು ಬಂತು. 2016ರ ಕಾಯ್ದೆಯ 21 ವೈಕಲ್ಯಗಳಲ್ಲಿ ಆಟಿಸಂ ಕೂಡ ಒಂದು. ಕಾನೂನು ಒಪ್ಪೋಕೆ ಇಷ್ಟು ವರ್ಷ ಹಿಡಿಯಿತು. ನಾನು ಒಪ್ಪೋಕೆ ಹನ್ನೊಂದು ತಿಂಗಳು. ಆದರೆ ಮಗುವಿನ ಎರಡನೇ ವರ್ಷ ಕಾನೂನಿನ ಹಾಗೆ ಕಾಯಲ್ಲ. ಆ ವಯಸ್ಸಿನಲ್ಲಿ ಕಲಿಸೋಕೆ ಶುರು ಮಾಡಿದರೆ ಸಿಗುವ ಅವಕಾಶ ದೊಡ್ಡದು. ಆ ಹನ್ನೊಂದು ತಿಂಗಳನ್ನು ಯಾವ ಟಿವಿಯೂ ನನಗೆ ವಾಪಸ್ ಕೊಡಲ್ಲ.

ಇಷ್ಟು ಹೇಳಿ, ನನ್ನ ಮಗನದು ದುರಂತ ಕಥೆ ಅಂತ ತಿಳಿಯಬೇಡಿ. ಡೊನಾಲ್ಡ್ ಟ್ರಿಪ್ಲೆಟ್ ಏನಾದರು ಗೊತ್ತಾ? ಊರಿನ ಬ್ಯಾಂಕಿನಲ್ಲಿ ದಶಕಗಟ್ಟಲೆ ಕೆಲಸ ಮಾಡಿದರು, ಕಾರು ಓಡಿಸಿದರು, ಗಾಲ್ಫ್ ಆಡಿದರು, ಒಬ್ಬರೇ ದೇಶದೇಶ ಸುತ್ತಿದರು. 2023ರಲ್ಲಿ, 89ನೇ ವಯಸ್ಸಿನಲ್ಲಿ, ಅದೇ ಫಾರೆಸ್ಟ್ ಊರಿನಲ್ಲಿ ತೀರಿಕೊಂಡರು. ಆಟಿಸಂ ಅವರನ್ನು ಬಿಟ್ಟು ಹೋಗಲಿಲ್ಲ. ಮನೆಯವರೂ ಊರಿನವರೂ ಅವರನ್ನು ಬಿಡಲಿಲ್ಲ. ಎಲ್ಲ ಮಕ್ಕಳೂ ಅವರ ಹಾಗೆ ಆಗುತ್ತಾರೆ ಅಂತ ನಾನು ಹೇಳಲ್ಲ. ಹತ್ತಿರದವರ ಆರೈಕೆ ಜೀವನಪೂರ್ತಿ ಬೇಕಾದ ಮಕ್ಕಳೂ ಇದ್ದಾರೆ. ನನ್ನ ಮಗನಿಗೆ ಈಗ ಒಂಬತ್ತು. ಮಾತು ಕಡಿಮೆ. ಮೆಟ್ರೋ ಸ್ಟೇಷನ್ನುಗಳ ಹೆಸರು ವರಸೆಯಾಗಿ ಹೇಳ್ತಾನೆ. ಹೋದ ತಿಂಗಳು ಬಾಲ್ಕನಿಯಲ್ಲಿ ನಿಂತು ಬೆರಳು ತೋರಿಸಿ, ತಿರುಗಿ ಅವನಮ್ಮನ ಮುಖ ನೋಡಿ, "ವಿಮಾನ" ಅಂದ. ಅವಳು ಅಡುಗೆಮನೆಗೆ ಹೋಗಿ ಸ್ವಲ್ಪ ಹೊತ್ತು ಹೊರಗೆ ಬರಲಿಲ್ಲ.

ನಮ್ಮ ಜಗಳದಲ್ಲಿ ಗೆದ್ದವರು ಯಾರು ಅಂತ ಕೇಳಿದರೆ, ಅವಳು ಕಂಡದ್ದು ಸರಿ. ಆದರೆ ತಪ್ಪು ನನ್ನದು ಅಂತ ಅವಳು ನಂಬಿಕೊಂಡದ್ದು ಸುಳ್ಳು. ನಾನು ಏನೂ ಇಲ್ಲ ಅಂದದ್ದು ಸುಳ್ಳು. ಆದರೆ ನನ್ನ ಮಗನಿಗೆ ಏನೋ ಕೆಟ್ಟುಹೋಗಿದೆ ಅಂತ ಕರೆಯೋಕೆ ಬಿಡಲ್ಲ ಅಂದದ್ದರಲ್ಲಿ ಒಂದು ಚೂರು ನಿಜ ಇತ್ತು. ಆ ಎರಡು ಅರ್ಧ ಸೇರಿಸೋಕೆ ನಮಗೆ ಮೂರನೆಯವರೊಬ್ಬರು ಬೇಕಿತ್ತು.

ಮರುದಿನ ಹಾಸನದ ಆ ತಾಯಿಗೆ ನಾನೇ ಫೋನ್ ಮಾಡಿದೆ. "ಯಜಮಾನ್ರಿಗೆ ಕೊಡಿಮ್ಮ" ಅಂದೆ. ಅವರು ಬಂದರು. ನಿಮ್ಮ ಹೆಂಡತಿ ಸರಿ, ನೀವು ತಪ್ಪು ಅಂತ ನಾನು ಹೇಳಲಿಲ್ಲ. ಹಾಗೆ ಹೇಳಿದ್ದರೆ ಏಳು ವರ್ಷದ ಹಿಂದೆ ನಾನೇ ಕೇಳುತ್ತಿರಲಿಲ್ಲ. ನಮ್ಮ ಮನೆಯಲ್ಲಿ ನನಗೆ ಹೇಳಿದ್ದನ್ನೇ ಹೇಳಿದೆ. "ನೀವೇ ಸರಿ ಅಂತ ಇಟ್ಕೊಳ್ಳಿ ಸಾರ್. ಹೋಗಿ ಅದನ್ನ ಪ್ರೂವ್ ಮಾಡ್ಕೊಂಡು ಬನ್ನಿ."

ಆ ಕಡೆ ಬಹಳ ಹೊತ್ತು ಮಾತಿಲ್ಲ. ಲೈನ್ ಕಟ್ ಆಯಿತೇನೋ ಅಂದುಕೊಂಡೆ.

ಆಮೇಲೆ ಅವರು ಕೇಳಿದರು: "ಮೊದಲು ಎಲ್ಲಿಗೆ ಹೋಗ್ಬೇಕು ಸಾರ್?"